ಸುಮ್ಮನೆ ಕೂರುವ ತರಬೇತಿ

ಜೂನ್ 3, ಸೋಮವಾರ

ಇವತ್ತಿನಿಂದ ತಿಂಗಳು ಪೂರ್ತಿ ಮಾನಸಿಕ ವಿಭಾಗ, ಹೆಂಗಸರ ವಾರ್ಡು. ನನ್ನ ಹಣೆಬರಹ.

ಆಮೇಲೆ ನಾನೇ ಮಾತು ಬದಲಾಯಿಸಬಾರದು ಎಂದು ಮೊದಲೇ ಬರೆದಿಡುತ್ತೇನೆ: ನನ್ನದು ಆಪರೇಷನ್ ಥಿಯೇಟರ್. ನರ್ಸಿಂಗ್ ಓದು ಮುಗಿಯಿತು. ಇನ್ನೊಂದು ವರ್ಷ ಯಾವುದಾದರೂ ಒಂದು ವಿಭಾಗದ ತರಬೇತಿ ಮಾಡಿಕೊಂಡರೆ ಜನ್ಮಕ್ಕಾಗುವಷ್ಟು ಕೆಲಸ. ಥಿಯೇಟರಿನ ಇನ್‌ಚಾರ್ಜ್ ಬೇರೆ ಯಾರೂ ಅಲ್ಲ, ಅಮ್ಮನ ಅಕ್ಕ, ನನ್ನ ದೊಡ್ಡಮ್ಮ. ನಾನು ಶಾಲೆಯಲ್ಲಿದ್ದಾಗಲೇ ಅಲ್ಲಿ ನನಗೊಂದು ಜಾಗ ಹಿಡಿದಿಟ್ಟಿದ್ದಾರೆ, ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ. ಆದರೆ ಅರ್ಜಿ ಹಾಕುವವರು ಮೊದಲು ಥಿಯೇಟರಿನಲ್ಲೂ ಮಾನಸಿಕ ವಿಭಾಗದಲ್ಲೂ ಒಂದೊಂದು ತಿಂಗಳು ದುಡಿದಿರಬೇಕಂತೆ. ಯಾವ ಪುಣ್ಯಾತ್ಮರು ಮಾಡಿದ ನಿಯಮವೋ! ಥಿಯೇಟರಿನ ತಿಂಗಳು ಮುಗಿದಿದೆ. ಅಲ್ಲಿ ಎಷ್ಟು ನೆಮ್ಮದಿ! ರೋಗಿಗಳು ನಿದ್ದೆಯಲ್ಲಿರುತ್ತಾರೆ, ಎದುರುತ್ತರ ಕೊಡುವುದಿಲ್ಲ.

ಬೆಳಗ್ಗೆ ಹೊರಡುವಾಗ ಅಮ್ಮ ಕೇಳಿದಳು, "ಹೆಂಗಸ್ರ ವಾರ್ಡಾ?"

"ಹ್ಞೂಂ."

ಅವಳು ಊಟದ ಡಬ್ಬಿಗೆ ಇನ್ನೊಂದಿಷ್ಟು ತುರುಕಿದಳು, ನಾನು ದೂರದ ಊರಿಗೆ ಹೊರಟವಳ ಹಾಗೆ. ಅಪ್ಪ ಸಿಟಿ ಬಸ್ಸಿನ ಡ್ರೈವರು. ಶೂ ಕಟ್ಟಿಕೊಳ್ಳುತ್ತಾ, "ಆ ಗೇಟಿನ್ ಮುಂದೆ ಬಸ್ ನಿಲ್ಸೋಕೆ ಒಳ್ಳೇ ಜಾಗ ಇದೆ" ಅಂದರು. ಅಪ್ಪನಿಗೆ ಪ್ರಪಂಚದಲ್ಲಿ ಇರುವುದು ಎರಡೇ: ಬಸ್ ನಿಲ್ಲುವ ಜಾಗ, ನಿಲ್ಲದ ಜಾಗ.

ಜೂನ್ 4, ಮಂಗಳವಾರ

ವಾರ್ಡಿನ ಹಿರಿಯ ಸಿಸ್ಟರಿಗೆ ನಾನು ಗೊಂಚಲಮ್ಮ ಎಂದು ಹೆಸರಿಟ್ಟಿದ್ದೇನೆ. ಸೊಂಟದಲ್ಲಿ ಬೀಗದ ಕೈ ಗೊಂಚಲು. ಅವರು ಬರುವುದಕ್ಕಿಂತ ಮೊದಲು ಅವರ ಸದ್ದು ಬರುತ್ತದೆ. ಅವರ ನಿಯಮಗಳು: ಬಾಗಿಲು ದಾಟಿದರೆ ಬೀಗ. ಊಟವಾದ ಮೇಲೆ ಚಮಚ ಎಣಿಸಬೇಕು, ಲೆಕ್ಕ ಸಿಗುವ ತನಕ ಯಾರೂ ಕದಲುವಂತಿಲ್ಲ. ಯಾರಾದರೂ ಚಮಚ ಬಚ್ಚಿಟ್ಟುಕೊಂಡು ತಮ್ಮನ್ನೇ ಗಾಯ ಮಾಡಿಕೊಂಡರೆ?

"ಸರಿ ಸಿಸ್ಟರ್, ನನಗೇನು ಕೆಲ್ಸ?" ಅಂದೆ.

ಕಿಟಕಿಯ ಪಕ್ಕದ ಹಸಿರು ಬೆಂಚಿನ ಮೇಲಿದ್ದ ಒಬ್ಬ ಹೆಂಗಸನ್ನು ತೋರಿಸಿದರು. "ಅವ್ರ ಪಕ್ಕ ಕೂತ್ಕೋ."

"ಕೂತ್ಕೊಂಡು?"

"ಕೂತ್ಕೊಂಡು ಕೂತ್ಕೋ."

ಇದಕ್ಕೆ ನಾನು ಇಷ್ಟು ವರ್ಷ ಓದಬೇಕಿತ್ತಾ?

ಆ ಹೆಂಗಸು ಟೈಲರು. ಸ್ವಂತ ಅಂಗಡಿ ಇಟ್ಟವರು. ಸೇರಿದಾಗಿನಿಂದ ಒಬ್ಬರ ಹತ್ತಿರವೂ ಒಂದು ಮಾತೂ ಆಡಿಲ್ಲವಂತೆ. ನೋಡಿ ಪಾಪ ಅನ್ನಿಸಿತು. ಅವರು ಮಾತಾಡದಿದ್ದರೇನಾಯಿತು, ನಾನಿಲ್ಲವೇ? ನನ್ನ ಶಾಲೆ, ನನ್ನ ಗೆಳತಿಯ ಜಗಳ, ಬಸ್ಸಿನಲ್ಲಿ ಚಪ್ಪಲಿ ಕಿತ್ತುಹೋದದ್ದು, ದೊಡ್ಡಮ್ಮ ಥಿಯೇಟರಿನ ಅಭ್ಯಾಸದಲ್ಲಿ ಮನೆಯಲ್ಲೂ ತಿರುಗಿ ನೋಡದೆ ಅಂಗೈ ಚಾಚಿ "ಉಪ್ಪು" ಅನ್ನುವುದು, ಎಲ್ಲವನ್ನೂ ಹೇಳಿದೆ. ಅವರು ಗೋಡೆ ನೋಡುತ್ತಿದ್ದರು. ಬೆಂಚಿನ ಹಿಂದಿನ ಮೂಲೆಯಲ್ಲಿ ಒಂದು ನಲ್ಲಿ, ಟಪ್ ಟಪ್ ಎಂದು ಸೋರುತ್ತದೆ. ಕೆಳಗೆ ಬಕೆಟ್ ಇಟ್ಟಿದ್ದಾರೆ. ಪ್ಲಂಬರು ಬಂದು ಕೈಮುಗಿದು ಹೋದನಂತೆ.

ಜೂನ್ 7, ಶುಕ್ರವಾರ

ಹೇಳುವ ವಿಷಯ ಖಾಲಿಯಾಗಿ ಇವತ್ತು ಟೈಲರಮ್ಮನಿಗೆ ಮೂತ್ರಪಿಂಡದ ರಚನೆ ವಿವರಿಸಿದೆ.

ಗೊಂಚಲಮ್ಮ ದೂರದಿಂದ ನೋಡಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಕಷ್ಟಪಟ್ಟು ಮಾತಾಡಿಸುತ್ತಿದ್ದೇನೆ, ಒಂದು ಶಭಾಷ್ ಇಲ್ಲ.

ಮನೆಗೆ ಬಂದು ಬೈದುಕೊಂಡೆ. ಹಾಳು ವಾರ್ಡು, ಹಾಳು ಬೆಂಚು. ಅಮ್ಮ ಪಾತ್ರೆ ತೊಳೆಯುತ್ತಾ ಕೇಳಿದಳು, "ಆ ಮೂಲೇಲಿರೋ ನಲ್ಲಿ ಇನ್ನೂ ಸೋರುತ್ತಾ?"

"ಸೋರದೆ ಇನ್ನೇನು!" ಎಂದು ಅದರ ಮೇಲೂ ಒಂದಷ್ಟು ರೇಗಾಡಿದೆ. ದೊಡ್ಡಮ್ಮ ಹೇಳಿರಬೇಕು ಇವಳಿಗೆ. ಆ ಆಸ್ಪತ್ರೆಯ ಸಂಗತಿ ಒಂದೂ ದೊಡ್ಡಮ್ಮನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಜೂನ್ 11, ಮಂಗಳವಾರ

ನನ್ನ ಮಾನ ಹೋಯಿತು.

ಎಂದಿನಂತೆ ಕೂತಿದ್ದೆ. ಥಿಯೇಟರ್ ತರಬೇತಿಯಲ್ಲಿ ಏನೇನು ಕಲಿಸುತ್ತಾರೆ, ಕೊನೆಗೆ ಎಂಥ ಹಸಿರು ಟೋಪಿ ಕೊಡುತ್ತಾರೆ ಎಂದೆಲ್ಲ ಹೇಳುತ್ತಿದ್ದೆ. ಟೈಲರಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು. ಬಾಯಿ ತೆರೆದರು. ಇಡೀ ವಾರ್ಡು ಕಾಯುತ್ತಿದ್ದ ಮೊದಲ ಮಾತು ಬಂತು:

"ಸ್ವಲ್ಪ ಸುಮ್ನಿರಮ್ಮಾ. ತಲೆ ಚಿಟ್ಟು ಹಿಡೀತು."

ಗೊಂಚಲಮ್ಮ ಗೊಂಚಲು ಝಣಝಣಿಸುತ್ತಾ ಓಡಿ ಬಂದರು. ದೊಡ್ಡ ಡಾಕ್ಟರು ಬಂದರು. ಅಡುಗೆಯವಳು ಸೌಟು ಹಿಡಿದೇ ಬಂದಳು. ಎಲ್ಲರೂ ನನ್ನ ಬೆನ್ನು ತಟ್ಟಿದ್ದೇ ತಟ್ಟಿದ್ದು. ಡಾಕ್ಟರು ಟೈಲರಮ್ಮನ ಕೇಸ್‌ಶೀಟಿನಲ್ಲಿ ಆ ಮಾತನ್ನು ಅಕ್ಷರಶಃ ಬರೆದರು. ಒಬ್ಬರು ಬೈದದ್ದಕ್ಕೆ ಬೈಸಿಕೊಂಡವಳಿಗೆ ಇಷ್ಟು ಅಭಿನಂದನೆ ಬಂದದ್ದು ನಾನು ಎಲ್ಲೂ ಕೇಳಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅಪ್ಪನಿಗೆ ನಗು ತಡೆಯಲಾಗದೆ ನೆತ್ತಿಗೆ ಹತ್ತಿತು. ಅಮ್ಮ ನಗಲಿಲ್ಲ. "ಮೊದಲ್ನೇ ಮಾತು ಅಂದ್ರೆ ಸುಮ್ನೇನಾ" ಅಂದಳು, ನನಗಲ್ಲ, ಅನ್ನದ ಪಾತ್ರೆಗೆ.

ಜೂನ್ 13, ಗುರುವಾರ

ಮುಖ ಊದಿಸಿಕೊಂಡು ಹೋಗಿ ಕೂತೆ. ಬಾಯಿಗೆ ಬೀಗ. ಬೇಕಾದರೆ ಅವರೇ ಮಾತಾಡಲಿ.

ಮೊದಲು ಮೂಗು ತುರಿಸಿತು. ಆಮೇಲೆ ಎಲ್ಲ ಕಡೆ ತುರಿಸಿತು. ನಲ್ಲಿ ಟಪ್ ಟಪ್ ಅನ್ನುತ್ತಿತ್ತು. ಸುಮ್ಮನೆ ಕೂರುವುದು ಇಷ್ಟು ಮೈನೋವಿನ ಕೆಲಸ ಎಂದು ಯಾರು ಕಂಡಿದ್ದರು! ಸ್ವಲ್ಪ ಹೊತ್ತಿಗೆ ಟೈಲರಮ್ಮನ ಬೆರಳುಗಳು ಕಣ್ಣಿಗೆ ಬಿದ್ದವು. ತಮ್ಮ ಸೆರಗಿನ ಅಂಚನ್ನು ಹಿಡಿದು ಮಡಿಸುತ್ತಾರೆ, ಉಗುರಿನಿಂದ ಒತ್ತುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಿಸುತ್ತಾರೆ. ಇಷ್ಟು ದಿನ ಇದನ್ನು ಮಾಡುತ್ತಲೇ ಇದ್ದರಾ? ನಾನು ಯಾವ ಕಡೆ ನೋಡುತ್ತಿದ್ದೆ?

ಗೊಂಚಲಮ್ಮನಿಗೆ ಹೇಳಿದೆ. ಅವರು ಡಾಕ್ಟರಿಗೆ ಹೇಳಿದರು. ಮತ್ತೆ ಬೆನ್ನು ತಟ್ಟಿದರು. ಈ ವಾರ್ಡಿನಲ್ಲಿ ಯಾವುದಕ್ಕೆ ತಟ್ಟುತ್ತಾರೆ ಎಂದೇ ತಿಳಿಯುವುದಿಲ್ಲ.

ಜೂನ್ 16, ಭಾನುವಾರ

ದೊಡ್ಡಮ್ಮ ಚಹಾಕ್ಕೆ ಬಂದಿದ್ದರು, ನನ್ನ ಅರ್ಜಿಯ ವಿಷಯ ಮಾತಾಡಲಿಕ್ಕೆ. ಕೂರುತ್ತಲೇ ಅಂಗೈ ಚಾಚಿ "ಬಿಸ್ಕತ್ತು" ಅಂದರು. ಅಮ್ಮ ತಟಕ್ಕನೆ ಇಟ್ಟಳು. ಆ ಕೈಗೆ ಇಡೀ ಮನೆ ಹಾಗೆಯೇ ಪಳಗಿದೆ.

ಚಹಾ ಮುಗಿಯಿತು. ಲೋಟ ಎತ್ತಿಟ್ಟೆ. ಆಮೇಲೆ ಏನಾಯಿತೋ, ಕೈ ತನ್ನಷ್ಟಕ್ಕೆ ಚಮಚ ಎಣಿಸಿತು. ಒಂದು ಕಮ್ಮಿ! ಅಪ್ಪ ಡ್ಯೂಟಿಗೆ ಹೊರಟು ಬಾಗಿಲ ಹತ್ತಿರವಿದ್ದರು. ನಾನು ಹಾರಿ ಹೋಗಿ ಚಿಲಕ ಹಾಕಿ ಅಡ್ಡ ನಿಂತೆ.

"ಯಾರೂ ಹೊರಗೆ ಹೋಗೋ ಹಾಗಿಲ್ಲ! ಎಲ್ರೂ ಇದ್ದಲ್ಲೇ ಕೂತ್ಕೊಳಿ!"

"ಏನಾಯ್ತೇ ನಿನಗೆ?" ಅಮ್ಮ ಗಾಬರಿಯಾದಳು.

"ಒಂದು ಚಮಚ ಸಿಕ್ತಿಲ್ಲ. ದೊಡ್ಡಮ್ಮ, ನಿಮ್ ಬ್ಯಾಗ್ ತೋರ್ಸಿ."

ಹೇಳಿದ ಮೇಲೆ ನಾನು ಮನೆಯಲ್ಲಿದ್ದೇನೆ ಎಂದು ನೆನಪಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ದೊಡ್ಡಮ್ಮ ಬ್ಯಾಗನ್ನು ಮೇಜಿನ ಮೇಲೆ ಸುರಿದೇ ಬಿಟ್ಟರು. ಅದರಲ್ಲಿ ಚಮಚವಿರಲಿಲ್ಲ. ಅದಿದ್ದದ್ದು ಅಪ್ಪನ ಯೂನಿಫಾರ್ಮಿನ ಜೇಬಿನಲ್ಲಿ, ಪೆನ್ನಿನ ಪಕ್ಕ ನೆಟ್ಟಗೆ ನಿಂತಿತ್ತು. ಸಕ್ಕರೆ ಕಲಕಿ ಹಾಗೇ ಸಿಕ್ಕಿಸಿಕೊಂಡಿದ್ದರು.

ಬೈಗುಳಕ್ಕೆ ತಯಾರಾಗಿ ನಿಂತೆ. ದೊಡ್ಡಮ್ಮನ ಕಣ್ಣುಗಳು ಮಾತ್ರ ಮಿನುಗುತ್ತಿದ್ದವು. "ನೋಡಿದ್ಯಾ? ಥಿಯೇಟರಲ್ಲೂ ಹಿಂಗೇ. ಕತ್ತರಿ ಲೆಕ್ಕ ಸಿಗ್ದೆ ನಾವು ಹೊಟ್ಟೆ ಮುಚ್ಚಲ್ಲ. ಇವ್ಳು ನಮ್ಮವ್ಳು ಕಣೇ! ಬಿಟ್ಟುಕೊಡೋದೇ ಇಲ್ಲ." ಅಮ್ಮನ ಮುಖದಲ್ಲಿ ಎಂಥ ನಿರಾಳ! ನನಗೂ ಖುಷಿಯಾಗಬೇಕಿತ್ತು. ಎದ್ದು ಹೋಗಿ ಚಮಚ ಇನ್ನೊಂದು ಸಲ ಎಣಿಸಿದೆ.

ಜೂನ್ 19, ಬುಧವಾರ

ಟೈಲರಮ್ಮ ಇವತ್ತು ನನ್ನ ಯೂನಿಫಾರ್ಮಿನ ಅಂಚು ಎತ್ತಿ ನೋಡಿದರು.

"ಯಾರು ಹೊಲಿದಿದ್ದು?"

"ಆಸ್ಪತ್ರೆ ಕಡೆಯಿಂದ ಕೊಟ್ಟಿದ್ದು."

"ಅನ್ಯಾಯ" ಎಂದರು. ಮತ್ತೆ ಗೋಡೆ ನೋಡಿದರು.

ಅಷ್ಟೇ. ಮೊದಲಾಗಿದ್ದರೆ ನಾನು ಆ ಅನ್ಯಾಯದ ಮೇಲೆ ಒಂದು ಭಾಷಣ ಬಿಗಿಯುತ್ತಿದ್ದೆ. ಇವತ್ತು ಯಾಕೋ ಸೋಮಾರಿತನ.

ಜೂನ್ 20, ಗುರುವಾರ

ಇವತ್ತಿನದ್ದು ಬರೆಯಲಿಕ್ಕೆ ಪುಟ ಸಾಲದು.

ಗೊಂಚಲಮ್ಮ ಡಾಕ್ಟರನ್ನು ಕೇಳಿ ಒಂದು ಸೂಜಿ, ಬಿಳಿ ದಾರ ತಂದರು. ವಾರ್ಡಿನೊಳಗೆ ಸೂಜಿ ಬರುವುದೆಂದರೆ ಸಣ್ಣ ಸಂಗತಿಯಲ್ಲ. ಅವರು ಎದುರಿಗೇ ಕುರ್ಚಿ ಹಾಕಿಕೊಂಡು ರೆಪ್ಪೆ ಬಡಿಯದೆ ಕೂತರು. ಅಂಚು ಸರಿಮಾಡಿಸಿಕೊಳ್ಳಲು ನಾನು ಯೂನಿಫಾರ್ಮ್ ಕಳಚಿಕೊಟ್ಟೆ. ತೊಟ್ಟುಕೊಳ್ಳಲು ಬೇರೆ ಏನೂ ಇಲ್ಲದೆ ರೋಗಿಗಳ ನೀಲಿ ಗೌನು ಹಾಕಿಕೊಂಡೆ. ಟೈಲರಮ್ಮ ಹೊಲಿಯಲು ಶುರುಮಾಡಿದರು. ಆ ಬೆರಳುಗಳ ಓಟ ನೋಡುತ್ತಾ ಬೆಂಚಿನ ಮೇಲೆ ಕೂತಿದ್ದೆ.

ಆಗ ಹೊಸ ಡಾಕ್ಟರು ಬಂದ. ಬೇರೆ ಕಡೆಯಿಂದ ಬಂದವನು, ಕನ್ನಡಕ, ಇವತ್ತೇ ಮೊದಲ ದಿನ. ಸೀದಾ ನನ್ನ ಹತ್ತಿರ ಬಂದು ಮೊಣಕಾಲೂರಿ ಕೂತ.

"ರಾತ್ರಿ ನಿದ್ದೆ ಬರುತ್ತಾ?"

"ಬರುತ್ತೆ."

"ಊಟ ಸೇರುತ್ತಾ?"

"ಡಾಕ್ಟ್ರೇ, ನಾನು ನರ್ಸು."

"ಹೌದಾ? ಒಳ್ಳೇದು" ಎಂದು ತುಂಬಾ ಪ್ರೀತಿಯಿಂದ ತಲೆಯಾಡಿಸಿದ. "ಎಷ್ಟು ದಿನದಿಂದ ನರ್ಸು ಅನ್ಸ್ತಿದೆ?"

"ಅನ್ಸ್ತಿರೋದಲ್ಲ! ನಿಜವಾಗ್ಲೂ ನರ್ಸು! ಅಲ್ಲಿ ಹೊಲೀತಿದಾರಲ್ಲ, ಅದು ನನ್ ಯೂನಿಫಾರ್ಮು!"

"ಖಂಡಿತ. ಸಮಾಧಾನ ಮಾಡ್ಕೊಳಿ."

ನಾನು ದನಿ ಏರಿಸಿದಷ್ಟೂ ಅವನು ದನಿ ತಗ್ಗಿಸಿದ. ನಾನು ಕೈ ಬೀಸಿ ವಿವರಿಸಿದಷ್ಟೂ ಅವನು ಬರೆದುಕೊಂಡ. ಗೊಂಚಲಮ್ಮ ಬಿಡಿಸಲಿಕ್ಕೆ ಬರಲಿಲ್ಲ, ಅವರ ಕಣ್ಣು ಸೂಜಿಯಿಂದ ಕದಲುವಂತಿರಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು. ಕೊನೆಗೆ ಟೈಲರಮ್ಮನೇ ದಾರ ಹಲ್ಲಿನಿಂದ ಕಡಿದು, "ಬಿಡಿ ಸಾರ್, ಅವ್ಳು ನಿಜವಾಗ್ಲೂ ನರ್ಸೇ. ಬಾಯಿ ಮಾತ್ರ ಜಾಸ್ತಿ" ಅಂದರು. ಆಮೇಲೆ ನಕ್ಕರು. ಹಲ್ಲು ಕಾಣುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ ಡಾಕ್ಟರು ಕಿವಿಯವರೆಗೂ ಕೆಂಪಾದ.

ಮನೆಗೆ ಬರುವಾಗ ಬಸ್ಸಿನಲ್ಲಿ ನನಗೂ ನಗು ಬರುತ್ತಿತ್ತು. ಆಮೇಲೆ ನಿಂತುಹೋಯಿತು. ನನ್ನ ಮಾತು ನಂಬಲಿಕ್ಕೆ ಒಬ್ಬರಿದ್ದರು. ಆ ಗೌನಿನಲ್ಲಿ ಕೂತು ನಿಜ ಹೇಳುವ ಉಳಿದವರಿಗೆ ಯಾರಿದ್ದಾರೆ?

ಹೊಲಿಗೆ ಅದ್ಭುತವಾಗಿದೆ. ಸೂಜಿ ವಾಪಸ್ ಬಂತು.

ಜೂನ್ 22, ಶನಿವಾರ

ಮಾನಸಿಕ ವಿಭಾಗದ ತರಬೇತಿಯಲ್ಲಿ ಏನಿರುತ್ತದೆ ಎಂದು ಸುಮ್ಮನೆ, ಸುಮ್ಮನೆ ಕುತೂಹಲಕ್ಕೆ, ಗೊಂಚಲಮ್ಮನನ್ನು ಕೇಳಿದೆ. ಮಾತ್ರೆಗಳ ಪಾಠ, ಕಾನೂನಿನ ಪಾಠ, ಮನೆಗೆ ಹೋದವರನ್ನು ಹುಡುಕಿಕೊಂಡು ಹೋಗಿ ನೋಡುವ ಕೆಲಸ, ಪರೀಕ್ಷೆ. "ಮತ್ತೆ ಕೂತ್ಕೊಳೋದು. ಅದು ಎಲ್ಲಕ್ಕಿಂತ ಕಷ್ಟದ ವಿಷಯ. ನಾನು ಎರಡು ಸಲ ಫೇಲಾದೆ" ಅಂದರು.

"ನಿಮಗೂ ಬಾಯಿ ಜಾಸ್ತಿ ಇತ್ತಾ ಸಿಸ್ಟರ್?"

"ನಿನ್ನಷ್ಟಿರ್ಲಿಲ್ಲ."

ಜೂನ್ 23, ಭಾನುವಾರ

ಹೇಳಿಬಿಟ್ಟೆ. ಥಿಯೇಟರ್ ಬೇಡ, ಮಾನಸಿಕ ವಿಭಾಗಕ್ಕೆ ಅರ್ಜಿ ಹಾಕುತ್ತೇನೆ ಅಂದೆ. ಮೂರನೇ ತಾರೀಖಿನ ಪುಟ ಈಗ ನೋಡಿದೆ. ಬರೆದಿಟ್ಟದ್ದು ಏನೂ ಉಪಯೋಗಕ್ಕೆ ಬರಲಿಲ್ಲ.

ದೊಡ್ಡಮ್ಮ ಫೋನಿನಲ್ಲೇ ಕೂಗಾಡಿದರು. ಅದಕ್ಕೆ ನಾನು ಸಿದ್ಧಳಿದ್ದೆ. ಅಮ್ಮನ ಸಿಟ್ಟಿಗೆ ಸಿದ್ಧಳಿರಲಿಲ್ಲ. ಎಂದೂ ದನಿ ಏರಿಸದವಳು ಕೈಯಲ್ಲಿದ್ದ ತಟ್ಟೆ ಕುಕ್ಕಿ, "ಆಗಲ್ಲ ಅಂದ್ರೆ ಆಗಲ್ಲ! ಇನ್ಯಾವ್ದಾದ್ರೂ ಮಾಡು. ಅಲ್ಲಿ ಮಾತ್ರ ಬೇಡ" ಅಂದಳು.

"ಯಾಕೆ?"

"ಯಾಕೂ ಇಲ್ಲ."

ಅಮ್ಮ ಒಪ್ಪದೆ ಹಾಕಲಾರೆ. ಹಾಕಬಹುದು, ಯಾರೂ ಕೈ ಹಿಡಿಯುವುದಿಲ್ಲ. ಆದರೆ ದಿನಾ ಸಂಜೆ ಬಂದು ಇವಳ ಮುಖ ನೋಡಬೇಕಲ್ಲ. ಶನಿವಾರ ಕೊನೆಯ ದಿನ.

ಜೂನ್ 24, ಸೋಮವಾರ

ಅಮ್ಮ ಮಾತು ಬಿಟ್ಟಿದ್ದಾಳೆ.

ಜೂನ್ 25, ಮಂಗಳವಾರ

ಇನ್ನೂ ಬಿಟ್ಟಿದ್ದಾಳೆ. ಅಪ್ಪ ನಮ್ಮಿಬ್ಬರ ಮಧ್ಯೆ ಕೂತು ಉಪ್ಪು ದಾಟಿಸುತ್ತಿದ್ದಾರೆ.

ಜೂನ್ 27, ಗುರುವಾರ

ಸಂಜೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಜಗಳಕ್ಕೆ ದಾರಿಯುದ್ದಕ್ಕೂ ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡು ಬಂದಿದ್ದೆ. ಅವಳ ಪಕ್ಕ ಕೂತೆ. ನೋಡಿದರೆ ಅವಳ ಬೆರಳುಗಳು ಖಾಲಿ ಸಿಪ್ಪೆಯನ್ನು ಮಡಿಸುತ್ತಿದ್ದವು, ಒತ್ತುತ್ತಿದ್ದವು, ಬಿಡಿಸುತ್ತಿದ್ದವು. ನಾನೂ ಬಟಾಣಿ ತೆಗೆದುಕೊಂಡೆ.

ತುಂಬಾ ಹೊತ್ತಾಯಿತು.

"ಏನೇ, ಹುಷಾರಿಲ್ವಾ?" ಅಂದಳು. "ಜ್ವರ ಏನಾದ್ರೂ ಬಂತಾ?"

ಇಲ್ಲವೆಂದು ತಲೆಯಾಡಿಸಿದೆ. ಇನ್ನೊಂದು ಕಾಯಿ ಸುಲಿದೆ.

"ನೀನು ಹುಟ್ಟಿದ್ಮೇಲೆ ನಾನು ಅಲ್ಲಿದ್ದೆ" ಅಂದಳು.

ಎಲ್ಲಿ, ಯಾಕೆ, ಯಾವಾಗ ಎಂದು ನಾಲಿಗೆ ತುದಿಗೆ ಬಂದೇಬಿಟ್ಟಿತು. ಮುಷ್ಟಿ ತುಂಬಾ ಬಟಾಣಿ ಬಾಯಿಗೆ ಹಾಕಿಕೊಂಡೆ.

"ಅದೇ ವಾರ್ಡಲ್ಲಿ. ನಿನ್ನ ನೋಡಿದ್ರೆ ಏನೂ ಅನ್ನಿಸ್ತಿರ್ಲಿಲ್ಲ ಕಣೇ. ಯಾರ್ದೋ ಮಗು ಅನ್ನಿಸ್ತಿತ್ತು. ಎತ್ಕೊಳೋಕೆ ಕೈಯೇ ಬರ್ತಿರ್ಲಿಲ್ಲ. ಊಟ ಬಿಟ್ಟೆ, ಮಾತು ಬಿಟ್ಟೆ. ನಿಮ್ಮಪ್ಪ, ಅಕ್ಕ ಸೇರ್ಕೊಂಡು ಅಲ್ಲಿಗೆ ಸೇರ್ಸಿದ್ರು. ನಿಮ್ಮಪ್ಪ ದಿನಾ ಮಧ್ಯಾಹ್ನ ಗೇಟಿನ್ ಮುಂದೆ ಬಸ್ ನಿಲ್ಸಿ ನಿನ್ನ ಎತ್ಕೊಂಡ್ ಬರೋರು."

"ಜನ?" ಬಟಾಣಿಯ ಸಂದಿಯಿಂದ ಒಂದೇ ಒಂದು ಮಾತು ತಪ್ಪಿಸಿಕೊಂಡಿತು.

"ಬಸ್ಸಲ್ಲೇ ಕಾಯೋರು, ಪಾಪ. ಅಲ್ಲೊಬ್ರು ಸಿಸ್ಟರ್ ಇದ್ರು. ನಿನ್ನ ತೊಡೆ ಮೇಲೆ ಹಾಕ್ಕೊಂಡು ನನ್ ಪಕ್ಕ ಕೂರೋರು. ಎತ್ಕೋ ಅಂತಾನೂ ಹೇಳ್ತಿರ್ಲಿಲ್ಲ. ಸುಮ್ನೆ ಕೂರೋರು." ಅವಳು ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟಳು. "ನೀನು ಅಲ್ಲೇ ಸೇರ್ಕೊಂಡ್ರೆ ಯಾವತ್ತಾದ್ರೂ ಯಾರಾದ್ರೂ ಹೇಳ್ತಾರೆ. ಅಮ್ಮ ನನ್ನ ಬೇಡ ಅಂದಿದ್ಲು ಅಂತ ನಿನಗೆ ಅನ್ನಿಸ್ಬಿಟ್ರೆ? ಅದೊಂದೇ ನನಗೆ ಭಯ."

ಏನಾದರೂ ಹೇಳಬೇಕಿತ್ತು. ಒಳ್ಳೆಯ ಮಗಳು ಹೇಳುತ್ತಿದ್ದಳು. ನಾನು ಬಾಯಿ ತುಂಬಾ ಹಸಿ ಬಟಾಣಿ ಇಟ್ಟುಕೊಂಡು ಅವಳ ಹೆಗಲಿಗೆ ಒರಗಿ ಅತ್ತೆ. ಅವಳೂ ಅತ್ತಳು. ನನಗೆ ಅಮ್ಮನ ಮೇಲೆ ಇವತ್ತಿನಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಹೇಳಲಿಕ್ಕಾಗಲಿಲ್ಲ, ಇಲ್ಲಾದರೂ ಬರೆಯುತ್ತೇನೆ.

ಆಮೇಲೆ ಅವಳು ಮೂಗು ಒರೆಸಿಕೊಂಡು ಪಾತ್ರೆ ನೋಡಿದಳು. "ಬಟಾಣಿ ಎಲ್ಲಾ ಖಾಲಿ ಮಾಡಿದ್ಯಲ್ಲೇ. ರಾತ್ರಿಗೆ ಏನ್ ಮಾಡ್ಲಿ?"

ಜೂನ್ 28, ಶುಕ್ರವಾರ

ಟೈಲರಮ್ಮ ಇವತ್ತು ಮನೆಗೆ ಹೋದರು. ಮಗಳು ಬಂದು ಕರೆದುಕೊಂಡು ಹೋದಳು. ಹೋಗುವಾಗ ನನ್ನ ತೋಳಿನ ಹೊಲಿಗೆ ಎಳೆದು ನೋಡಿ, "ಇದೂ ಸರಿಯಿಲ್ಲ. ಅಂಗಡಿಗೆ ಬಾ. ಬಾಯಿ ಮುಚ್ಕೊಂಡು ಬಾ" ಅಂದರು.

ಬೆಂಚು ಖಾಲಿಯಿತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ, ಕೆಲಸ ಇರಲಿಲ್ಲವೆಂದು.

ಜೂನ್ 29, ಶನಿವಾರ

ಬೆಳಗ್ಗೆ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಅಂದಳು. ಆ ಬೀದಿ ತಪ್ಪಿಸಲು ಮಾರುಕಟ್ಟೆಗೆ ಯಾವಾಗಲೂ ಸುತ್ತು ಹಾಕಿ ಹೋಗುವವಳು. ಅಪ್ಪ ತಮ್ಮ ಬಸ್ಸಿನಲ್ಲೇ ಕರೆದುಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸಿದರು. ಅಲ್ಲಿ ಸ್ಟಾಪೇ ಇಲ್ಲ. ಹಿಂದಿನಿಂದ ಜನ ಗೊಣಗಿದರೂ ನಾವು ಒಳಗೆ ಹೋಗುವ ತನಕ ಕದಲಲಿಲ್ಲ.

ಕಚೇರಿಯ ಮುಂದೆ ದೊಡ್ಡಮ್ಮ ಕಾದಿದ್ದರು, ಹಸಿರು ಟೋಪಿಯಲ್ಲೇ. ಅಮ್ಮನನ್ನು ಆ ಕಟ್ಟಡದಲ್ಲಿ ಕಂಡು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಇದೂ ನಾನು ಮೊದಲ ಸಲ ನೋಡಿದ್ದು. ಅಮ್ಮ ಅವರ ಎದುರು ನಿಂತು ತಾನೇ ಅಂಗೈ ಚಾಚಿದಳು.

"ಪೆನ್ನು."

ದೊಡ್ಡಮ್ಮ ತಟಕ್ಕನೆ ಇಟ್ಟರು. ಆ ಪೆನ್ನಿನಲ್ಲಿ ನಾನು ಮಾನಸಿಕ ವಿಭಾಗ ಎಂದು ಬರೆದೆ.

ಆಮೇಲೆ ಅಮ್ಮ ವಾರ್ಡು ನೋಡಬೇಕೆಂದಳು. ಗೊಂಚಲಮ್ಮ ಬೀಗ ತೆಗೆದರು. ಅಮ್ಮ ಬಾಗಿಲಲ್ಲಿ ನನ್ನ ಕೈ ಗಟ್ಟಿಯಾಗಿ ಹಿಡಿದು ನಿಂತಳು. ಟಪ್ ಟಪ್. ಅವಳು ತಲೆ ತಿರುಗಿಸಿದಳು. ನನ್ನ ಕೈ ಬಿಟ್ಟು, ಬೆಂಚು ದಾಟಿ, ಸೀದಾ ಮೂಲೆಗೆ ಹೋದಳು. ನಲ್ಲಿಯ ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ ಎಡಕ್ಕೆ ತಿರುಗಿಸಿ ಒತ್ತಿದಳು.

ಸದ್ದು ನಿಂತಿತು.

ಇಡೀ ವಾರ್ಡು ಅವಳನ್ನೇ ನೋಡಿತು. "ನಾನ್ ಸೇರಿದಾಗ್ಲಿಂದ ಸೋರ್ತಿದೆ ಇದು!" ಎಂದರು ಗೊಂಚಲಮ್ಮ. "ಪ್ಲಂಬರ್ ಕೈಲೂ ಆಗಿರ್ಲಿಲ್ಲ. ನಿಮಗೆ ಹೇಗೆ ಗೊತ್ತು?"

"ಈ ಸದ್ದು ತಡ್ಕೊಳೋಕಾಗ್ದೆ ಒಂದಿನ ನಾನೇ ಎದ್ದು ನಿಲ್ಸಿದ್ದೆ" ಅಂದಳು ಅಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ. "ಹಾಸಿಗೆಯಿಂದ ನಾನಾಗೇ ಎದ್ದಿದ್ದು ಅವತ್ತೇ ಮೊದ್ಲು. ತಿರುಗಿ ನೋಡಿದ್ರೆ ಇವ್ಳು ಆ ಸಿಸ್ಟರ್ ತೊಡೆ ಮೇಲೆ ಕಿರುಚ್ತಿದ್ಲು. ಅಯ್ಯೋ, ಇದನ್ನೂ ನಾನೇ ನಿಲ್ಲಿಸ್ಬೇಕೇನೋ ಅಂತ ಎತ್ಕೊಂಡೆ."

ಎಲ್ಲರೂ ನನ್ನ ಕಡೆ ನೋಡಿದರು. ಅಮ್ಮ ಹಸಿರು ಬೆಂಚಿನ ಮೇಲೆ ಕೂತಳು. ನಾನು ಹೋಗಿ ಅವಳ ಪಕ್ಕ ಕೂತೆ.